ನಂಬರಿಗಿಂತ ತಾರೀಖು ಮುಖ್ಯ: ಮೊದಲ ಮಸ್ಟ್ಯಾಂಗ್‌ಗಳ ಅಸಲಿ ಬಿಡಿಭಾಗ ಹುಡುಕುವ ಬಗೆ

1967ರಿಂದ ಈಚಿನ ಫೋರ್ಡ್ ಕಾರಿನ ಜಾತಕ ಕಾಗದದಲ್ಲೇ ಸಿಗುತ್ತದೆ. ಆ ವರ್ಷದಿಂದಾಚೆಗಿನ ಉತ್ಪಾದನಾ ದಾಖಲೆಗಳು ಉಳಿದಿವೆ. ಕಾರಿನ ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ, ಫೋರ್ಡ್‌ನಿಂದ ಪರವಾನಗಿ ಪಡೆದಿರುವ ಮಾರ್ಟಿ ಆಟೋ ವರ್ಕ್ಸ್ ಎಂಬ ಸಂಸ್ಥೆ ಆ ಕಾರು ಯಾವ ಬಣ್ಣದಲ್ಲಿ, ಯಾವ ಎಂಜಿನ್ನು, ಯಾವ ಹಿಂಬದಿ ಆಕ್ಸಲ್ ಹೊತ್ತು ಹೊರಬಂತು ಎಂದು ವರದಿ ಕೊಡುತ್ತದೆ. ಫೋರ್ಡ್ ಕಂಪನಿಯದೇ ಆದ ಮಸ್ಟ್ಯಾಂಗ್ ಕಾರುಗಳಲ್ಲಿ 1964, 65, 66ರವಕ್ಕೆ ಈ ದಾರಿ ಇಲ್ಲ. ಮೊದಲ ಮಾಡೆಲ್ ವರ್ಷವೊಂದರಲ್ಲೇ 6,80,000ಕ್ಕೂ ಹೆಚ್ಚು ಕಾರುಗಳು ತಯಾರಾದವು. ಅವುಗಳಲ್ಲಿ ಯಾವುದು ಏನೇನು ಹೊತ್ತು ಹುಟ್ಟಿತು ಎಂಬುದಕ್ಕೆ ಕಾರಿನ ಲೋಹವೇ ಸಾಕ್ಷಿ.

ಆ ಸಾಕ್ಷಿ ಕೇಳಲು ಹೊರಟವರು ಹೆಚ್ಚಿನ ಸಲ ಎಡವುವುದು ಒಂದೇ ಕಡೆ. ಭಾಗದ ಮೇಲಿನ ನಂಬರ್ ಹೊಂದಿದ ಕೂಡಲೇ "ಅಸಲಿ" ಎಂದು ಒಪ್ಪಿಬಿಡುತ್ತಾರೆ. ನಂಬರ್ ಹೇಳುವುದು ಆ ಭಾಗದ ವಿನ್ಯಾಸ ಯಾವುದು ಎಂಬುದನ್ನು ಮಾತ್ರ. ಅದು ಈ ಕಾರಿನದೇ ಇರಬಹುದೇ ಎಂದು ಹೇಳುವುದು ತಾರೀಖು. ಎರಡನ್ನೂ ಓದದೆ ತೀರ್ಪು ಕೊಡಬಾರದು. (ಕಾರಿನ ಮೇಲಿರುವ ಇಂಗ್ಲಿಷ್ ಅಕ್ಷರಗಳನ್ನು ಉಚ್ಚರಿಸುವ ಹಾಗೆಯೇ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಎಡ, ಬಲ ಎಂದದ್ದು ಸೀಟಿನಲ್ಲಿ ಕೂತವರ ಎಡ, ಬಲ. ಅಮೆರಿಕದ ಕಾರಾದ್ದರಿಂದ ಚಾಲಕ ಎಡಗಡೆ.)

ಮೊದಲು ಫೋರ್ಡ್ ನಂಬರಿನ ರಚನೆ. 289 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಬ್ಲಾಕಿನ ಮೇಲೆ ಕಾಣುವ ಸಿ5ಎಇ-6015-ಇ ಎಂಬುದನ್ನು ತೆಗೆದುಕೊಳ್ಳಿ. ಮೊದಲ ಅಕ್ಷರ ದಶಕ: ಬಿ ಅಂದರೆ 1950ರ ದಶಕ, ಸಿ ಅಂದರೆ 1960, ಡಿ ಅಂದರೆ 1970. ಮುಂದಿನ ಅಂಕಿ ಆ ದಶಕದ ವರ್ಷ. ಹಾಗಾಗಿ ಸಿ5 ಎಂದರೆ 1965ರ ಮಾಡೆಲ್ಲಿಗೆಂದು ಬಿಡುಗಡೆಯಾದ ವಿನ್ಯಾಸ. ಮೂರನೆಯದು ಯಾವ ಕಾರಿಗೆಂದು ಮೊದಲು ರೂಪಿಸಿದ್ದು ಎಂಬುದು: ಝೆಡ್ ಮಸ್ಟ್ಯಾಂಗ್, ಎ ದೊಡ್ಡ ಗಾಲಕ್ಸಿ, ಡಿ ಫಾಲ್ಕನ್, ಓ ಫೇರ್‌ಲೇನ್, ಎಸ್ ಥಂಡರ್‌ಬರ್ಡ್, ಟಿ ಟ್ರಕ್. ನಾಲ್ಕನೆಯದು ಅದನ್ನು ರೂಪಿಸಿದ ವಿಭಾಗ: ಇ ಎಂಜಿನ್, ಬಿ ಬಾಡಿ. ನಡುವಿನ 6015 ಅಂದರೆ ಎಂಜಿನ್ ಬ್ಲಾಕ್. ಯಾವ ವರ್ಷದ ಯಾವ ಫೋರ್ಡ್ ಆದರೂ ಈ ನಡುವಿನ ನಂಬರ್ ಅದೇ. 6049 ಸಿಲಿಂಡರ್ ಹೆಡ್, 9510 ಕಾರ್ಬ್ಯುರೇಟರ್, 12127 ಡಿಸ್ಟ್ರಿಬ್ಯೂಟರ್, 8501 ವಾಟರ್ ಪಂಪ್, 9424 ಇನ್‌ಟೇಕ್ ಮ್ಯಾನಿಫೋಲ್ಡ್. ಈ ಐದಾರು ಬಾಯಿಪಾಠವಾದರೆ ಗುಜರಿ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ. ಕೊನೆಯ ಅಕ್ಷರ ಆ ವಿನ್ಯಾಸದ ಎಷ್ಟನೆಯ ರೂಪ ಎಂಬುದನ್ನು ಸೂಚಿಸುತ್ತದೆ. ಬಿ ಇದ್ದದ್ದು ಎಗಿಂತ ಉತ್ತಮ ದರ್ಜೆ ಎಂದೇನಲ್ಲ.

ಮಸ್ಟ್ಯಾಂಗ್‌ನಲ್ಲಿ ಡಿ, ಓ, ಎ ಅಕ್ಷರಗಳು ತುಂಬಿ ತುಳುಕುತ್ತವೆ. ಆ ಕಾರನ್ನು ಕಟ್ಟಿದ್ದೇ ಫಾಲ್ಕನ್ ಮತ್ತು ಫೇರ್‌ಲೇನ್ ಭಾಗಗಳ ಆಧಾರದ ಮೇಲೆ. "ಇದರ ಮೇಲೆ ಝೆಡ್ ಇಲ್ಲ, ಬೇರೆ ಕಾರಿನದ್ದು" ಎಂದು ಒಳ್ಳೆಯ ಅಸಲಿ ಭಾಗವನ್ನು ಕಿತ್ತೆಸೆಯುವುದು ತೀರಾ ಸಾಮಾನ್ಯ. ಹಾಗೆಯೇ ಸಿ4 ಎಂದಿದ್ದ ಮಾತ್ರಕ್ಕೆ ಆ ಭಾಗ 1964ರಲ್ಲಿ ತಯಾರಾಯಿತು ಎಂದಲ್ಲ. ವಿನ್ಯಾಸ ಬದಲಾಗದಿದ್ದರೆ ಅದೇ ಸಿ4 ನಂಬರ್ ಹೊತ್ತ ಭಾಗ ವರ್ಷಗಟ್ಟಲೆ ತಯಾರಾಗುತ್ತಲೇ ಇರುತ್ತದೆ.

ಇನ್ನೊಂದು ಗೊಂದಲ: ಒಂದೇ ಭಾಗಕ್ಕೆ ಮೂರು ಬೇರೆ ನಂಬರ್ ಇರಬಹುದು. ಎಂಜಿನಿಯರಿಂಗ್ ವಿಭಾಗ ಕೊಟ್ಟ ನಂಬರ್ ಒಂದು. ಎರಕದ ಅಚ್ಚಿನಲ್ಲೇ ಮೂಡಿದ ನಂಬರ್ ಇನ್ನೊಂದು. ಡೀಲರ್ ಕೌಂಟರಿನಲ್ಲಿ ಮಾರುವಾಗ ಡಬ್ಬದ ಮೇಲೆ ಬರುವ ಸರ್ವಿಸ್ ನಂಬರ್ ಮೂರನೆಯದು. ಸರ್ವಿಸ್ ನಂಬರಿನ ನಾಲ್ಕನೆಯ ಅಕ್ಷರ ಝೆಡ್ ಇದ್ದರೆ ಫೋರ್ಡ್ ವಿಭಾಗದ್ದು, ವೈ ಇದ್ದರೆ ಲಿಂಕನ್-ಮರ್ಕ್ಯುರಿ ವಿಭಾಗದ್ದು. ಫೋರ್ಡ್ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಕಾಣುವುದು ಈ ಸರ್ವಿಸ್ ನಂಬರ್. ಲೋಹದ ಮೇಲಿರುವುದು ಬಹುಪಾಲು ಉಳಿದೆರಡರಲ್ಲಿ ಒಂದು. ಕ್ಯಾಟಲಾಗಿನ ನಂಬರನ್ನೇ ಕಬ್ಬಿಣದ ಮೇಲೆ ಹುಡುಕಿ, ಸಿಗಲಿಲ್ಲವೆಂದು ನಿರಾಶರಾಗಬೇಡಿ. ಒಂದೇ ಕಚ್ಚಾ ಎರಕವನ್ನು ಬೇರೆಬೇರೆ ರೀತಿ ಕೊರೆದು ಎರಡು ಬೇರೆ ಭಾಗ ಮಾಡುವುದೂ ಇತ್ತು. ಅಂಥ ಕಡೆ ಎರಕದ ನಂಬರ್ ಒಂದೇ ಇದ್ದರೂ ಭಾಗ ಬೇರೆ.

ಇನ್ನು ತಾರೀಖು. ಎರಕದ ಮೇಲೆ 5ಸಿ18 ಎಂದಿದ್ದರೆ 1965ರ ಮಾರ್ಚ್ 18: ವರ್ಷದ ಕೊನೆಯ ಅಂಕಿ, ತಿಂಗಳ ಅಕ್ಷರ, ದಿನ. ತಿಂಗಳಿಗೆ ಎಯಿಂದ ಎಂವರೆಗಿನ ಅಕ್ಷರಗಳು. ಐ ಅಕ್ಷರವನ್ನು ಫೋರ್ಡ್ ಬಿಟ್ಟುಬಿಡುತ್ತದೆ, ಅದು 1 ಎಂಬಂತೆ ಕಾಣುವುದರಿಂದ. ಹಾಗಾಗಿ ಎಚ್ ಆಗಸ್ಟ್, ಜೆ ಸೆಪ್ಟೆಂಬರ್, ಎಂ ಡಿಸೆಂಬರ್. ಕಾರ್ಬ್ಯುರೇಟರ್, ಆಕ್ಸಲ್‌ಗಳಿಗೆ ಕಟ್ಟಿದ ತಗಡಿನ ಬಿಲ್ಲೆಗಳಲ್ಲಿ ಕೊನೆಗೆ ದಿನದ ಬದಲು ವಾರದ ಅಕ್ಷರ ಬರುತ್ತದೆ: 5ಸಿಬಿ ಅಂದರೆ 1965ರ ಮಾರ್ಚ್ ಎರಡನೆಯ ವಾರ. ಈ ಎರಡು ಪದ್ಧತಿಗಳನ್ನು ಬೆರೆಸಿಕೊಂಡರೆ ಲೆಕ್ಕ ತಪ್ಪುತ್ತದೆ.

ಭಾಗದ ತಾರೀಖನ್ನು ಹೋಲಿಸಬೇಕಾದದ್ದು ಕಾರಿನ ತಾರೀಖಿನ ಜೊತೆ. ಕಾರಿನ ಗುರುತು ಎಡ ಮುಂಭಾಗದ ಒಳ ಏಪ್ರನ್ ತಗಡಿನ (ಎಂಜಿನ್ನಿನ ಪಕ್ಕದ ಗೋಡೆಯಂಥ ತಗಡಿನ) ಮೇಲೆ ಒತ್ತಿದ ಚಾಸಿ ನಂಬರ್. ಬಾನೆಟ್ ಎತ್ತಿದರೆ ಮಡ್‌ಗಾರ್ಡಿನ ಅಂಚಿನಲ್ಲಿ ಕತ್ತರಿಸಿದ ಕಂಡಿಯೊಳಗೆ ಕಾಣುತ್ತದೆ. ಮಡ್‌ಗಾರ್ಡ್ ಬಿಚ್ಚಿದರೆ ಅದೇ ನಂಬರ್ ಒಳಗೆ ಮರೆಯಾದ ಕಡೆಗಳಲ್ಲೂ ಸಿಗಬೇಕು. ಹೊರಗಿನದು ಒಂದು, ಒಳಗಿನದು ಇನ್ನೊಂದು ಎಂದಾದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಆ ಕಾರಿನ ಕಾನೂನು ಕಾಗದಗಳನ್ನು ನೋಡಿ. ನಂಬರ್ 5ಎಫ್07ಸಿ ಎಂದು ಶುರುವಾದರೆ: 5 ಅಂದರೆ 1965ರ ಮಾಡೆಲ್. ಎಫ್ ಡಿಯರ್‌ಬಾರ್ನ್ ಕಾರ್ಖಾನೆ, ಆರ್ ಇದ್ದರೆ ಸ್ಯಾನ್ ಹೋಸೆ, ಟಿ ಇದ್ದರೆ ಮಟಚನ್. 07 ಹಾರ್ಡ್‌ಟಾಪ್ (ಗಟ್ಟಿ ಚಾವಣಿ), 08 ಕನ್ವರ್ಟಿಬಲ್ (ಮಡಚುವ ಚಾವಣಿ), 09 ಫಾಸ್ಟ್‌ಬ್ಯಾಕ್ (ಹಿಂದಕ್ಕೆ ಇಳಿಜಾರಾದ ಚಾವಣಿ). ಕೊನೆಯ ಅಕ್ಷರ ಎಂಜಿನ್. ಆಮೇಲೆ 100001ರಿಂದ ಏರುವ ಸರಣಿ. ಆ ಮೊದಲ ನಂಬರಿನ ಬಿಳಿ ಕನ್ವರ್ಟಿಬಲ್ ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡಿಗರು ಒಮ್ಮೆ ಹೋಗಿ, ಬಾನೆಟ್ಟಿನ ಅಂಚು, ಹೆಡ್‌ಲೈಟ್ ಸುತ್ತಿನ ಮೂಲೆ ಹೇಗಿವೆ ಎಂದು ಕಣ್ಣಾರೆ ನೋಡಿ ಬರಬೇಕು.

ಚಾಲಕನ ಬಾಗಿಲಿನ ಹಿಂಬದಿ ಅಂಚಿನಲ್ಲಿ ರಿವೆಟ್ ಹೊಡೆದ ತಗಡಿನ ಫಲಕ ಇರುತ್ತದೆ. ಬಾಡಿ ಬಗೆ, ಬಣ್ಣ, ಒಳಾಂಗಣ, ತಯಾರಿಗೆ ಗೊತ್ತುಮಾಡಿದ ದಿನ, ಮಾರಾಟದ ಜಿಲ್ಲೆ, ಆಕ್ಸಲ್, ಗೇರ್‌ಬಾಕ್ಸ್ ಎಲ್ಲ ಅದರಲ್ಲಿದೆ. ಇಲ್ಲಿ ದಿನ ಮೊದಲು, ಅಕ್ಷರ ಆಮೇಲೆ: 16ಸಿ. ಬಣ್ಣದ ಅಕ್ಷರ ಓದುವಾಗ ಮಾಡೆಲ್ ವರ್ಷ ಮರೆಯಬೇಡಿ. ಎಫ್ ಎಂದರೆ ಮೊದಲ ತಿಂಗಳುಗಳ ಕಾರಿನಲ್ಲಿ ಗಾರ್ಡ್ಸ್‌ಮನ್ ಬ್ಲೂ, 1966ರಲ್ಲಿ ಆರ್ಕೇಡಿಯನ್ ಬ್ಲೂ. ಈ ಫಲಕದ ಮೇಲೆ ಅತಿಯಾದ ನಂಬಿಕೆ ಬೇಡ. ಬಾಗಿಲು ಬೇರೆ ಕಾರಿನಿಂದ ಬಂದಿರಬಹುದು, ಹೊಸದಾಗಿ ಒತ್ತಿದ ಫಲಕಗಳೂ ಮಾರಾಟಕ್ಕಿವೆ. ಏಪ್ರನ್ ಮೇಲಿನ ನಂಬರಿಗೆ ಹೊಂದಿದರಷ್ಟೇ ಅದರ ಮಾತಿಗೆ ಬೆಲೆ.

ಕಾರಿನ ತಾರೀಖು ಸಿಕ್ಕಿತು ಎನ್ನಿ. ಎರಕದ ಭಾಗಗಳ ತಾರೀಖು ಅದಕ್ಕಿಂತ ಕೆಲವು ವಾರಗಳಿಂದ ಎರಡು-ಮೂರು ತಿಂಗಳು ಮುಂಚಿನದಾಗಿರಬೇಕು. ಬ್ಲಾಕನ್ನು ಎರಕ ಹೊಯ್ದು, ಕೊರೆದು, ಎಂಜಿನ್ ಜೋಡಿಸಿ, ಕಾರ್ಖಾನೆಗೆ ಸಾಗಿಸಲು ಅಷ್ಟು ಹೊತ್ತು ಹಿಡಿಯುತ್ತಿತ್ತು. ಆರು ತಿಂಗಳಿಗೂ ಹಳೆಯದಾದರೆ ಅನುಮಾನ ಪಡಿ. ಕಾರು ತಯಾರಾದ ದಿನಕ್ಕಿಂತ ಒಂದು ದಿನ ಈಚಿನದಾದರೂ ಅದು ಆಮೇಲೆ ಹಾಕಿದ್ದೇ. 1968ಕ್ಕೆ ಮುಂಚಿನ ಸಾಮಾನ್ಯ ಮಸ್ಟ್ಯಾಂಗ್ ಎಂಜಿನ್‌ಗಳ ಮೇಲೆ ಕಾರಿನ ಚಾಸಿ ನಂಬರ್ ಇರುವುದಿಲ್ಲ. ಹಾಗಾಗಿ "ಇದೇ ಕಾರಿನ ಎಂಜಿನ್" ಎಂದು ಎದೆ ತಟ್ಟಿ ಹೇಳಲು ಬರುವುದಿಲ್ಲ. "ತಾರೀಖು ಹೊಂದುತ್ತದೆ" ಎನ್ನುವುದೇ ಪ್ರಾಮಾಣಿಕ ಮಾತು. ಮಾರುವವರು ಅದಕ್ಕಿಂತ ಹೆಚ್ಚು ಹೇಳಿದರೆ ಪುರಾವೆ ಕೇಳಿ.

ಈ ವಿದ್ಯೆ ಹೆಚ್ಚು ಬೇಕಾಗುವುದು 1964ರ ಆಗಸ್ಟ್ ಆಸುಪಾಸಿನಲ್ಲಿ. ಮಸ್ಟ್ಯಾಂಗ್ ತಯಾರಿ ಡಿಯರ್‌ಬಾರ್ನ್‌ನಲ್ಲಿ 1964ರ ಮಾರ್ಚ್ 9ಕ್ಕೆ ಶುರುವಾಯಿತು, ಏಪ್ರಿಲ್ 17ಕ್ಕೆ ಕಾರು ಜನರೆದುರು ಬಂತು. ಕಾಗದದ ಪ್ರಕಾರ ಆ ಕಾರುಗಳೆಲ್ಲ 1965ರ ಮಾಡೆಲ್. ಆದರೆ ಆಗಸ್ಟ್‌ನಲ್ಲಿ ಉಳಿದ ಫೋರ್ಡ್‌ಗಳ 1965ರ ಮಾಡೆಲ್ ಶುರುವಾದಾಗ ಮಸ್ಟ್ಯಾಂಗಿನಲ್ಲೂ ಒಂದು ರಾಶಿ ಭಾಗ ಬದಲಾಯಿತು. ಅದಕ್ಕೇ ಮೊದಲಿನವನ್ನು ಎಲ್ಲರೂ "ಅರವತ್ನಾಲ್ಕೂವರೆ" ಎನ್ನುವುದು. ಅವುಗಳಲ್ಲಿ ಬ್ಯಾಟರಿ ತುಂಬುವುದು ಡೈನಮೊ. ಆಮೇಲಿನವುಗಳಲ್ಲಿ ಆಲ್ಟರ್ನೇಟರ್. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪದ ಮೇಲೆ ಮೊದಲಿನದರಲ್ಲಿ ಜಿಇಎನ್ (ಜನರೇಟರ್, ಅಂದರೆ ಡೈನಮೊ) ಎಂದು, ಆಮೇಲಿನದರಲ್ಲಿ ಎಎಲ್‌ಟಿ ಎಂದು ಬರೆದಿರುತ್ತದೆ. ಡೈನಮೊ ಕಿತ್ತು ಆಲ್ಟರ್ನೇಟರ್ ಕೂರಿಸಿದ ಕಾರುಗಳು ಬಹಳ. ಆ ಕೆಲಸ ಮಾಡಿದವರು ದೀಪದ ಬರಹ ಬದಲಿಸಲು ಹೋಗುವುದಿಲ್ಲ, ಹಾಗಾಗಿ ಆ ಮೂರಕ್ಷರವೇ ಗುಟ್ಟು ಬಿಟ್ಟುಕೊಡುತ್ತದೆ. ಹಾರ್ನ್ ಮೊದಲಿನವುಗಳಲ್ಲಿ ರೇಡಿಯೇಟರ್ ಹಿಂದೆ ಫ್ರೇಮಿನ ಮೇಲೆ, ಆಮೇಲೆ ಮುಂದಕ್ಕೆ ಹೋಯಿತು. ಪ್ರಯಾಣಿಕನ ಸೀಟು ಮೊದಲು ಹಿಂದೆಮುಂದೆ ಸರಿಯುತ್ತಿರಲಿಲ್ಲ. ಪೆಟ್ರೋಲ್ ಮುಚ್ಚಳಕ್ಕೆ ತಂತಿ ಇರಲಿಲ್ಲ. ಕಳವು ಹೆಚ್ಚಾದ ಮೇಲೆ ಕಟ್ಟಿದರು.

ತಗಡಿನ ಕೆಲಸದಲ್ಲಿ ಹೆಚ್ಚು ತೊಂದರೆ ಕೊಡುವುದು ಬಾನೆಟ್. ಮೊದಲ ಬಾನೆಟ್ಟಿನ ಮುಂದಿನ ಎರಡು ಮೂಲೆಗಳು ಓರೆಯಾಗಿ ಇಳಿದಿರುತ್ತವೆ, ಅಲ್ಲಿ ಅಂಚನ್ನು ಒಳಕ್ಕೆ ಮಡಚಿಲ್ಲ. ಆ ಓರೆಗೆ ತಕ್ಕಂತೆ ಹೆಡ್‌ಲೈಟ್ ಸುತ್ತಿನ ಎರಕದ ತುಂಡಿಗೂ ಓರೆ ಕೊಟ್ಟಿದೆ. ಆಮೇಲಿನ ಬಾನೆಟ್ಟಿನ ಅಂಚು ಮಡಚಿದ್ದು. ಒಂದನ್ನು ಮಾತ್ರ ಬದಲಿಸಿದರೆ ಮೂಲೆಯಲ್ಲಿ ಸಂದು ಬಾಯಿಬಿಡುತ್ತದೆ. ಕೀಲು ಎಷ್ಟು ಸರಿಹೊಂದಿಸಿದರೂ ಅದು ಮುಚ್ಚುವುದಿಲ್ಲ, ಏಕೆಂದರೆ ತೊಂದರೆ ಕೀಲಿನಲ್ಲಿಲ್ಲ. ಬಾನೆಟ್ ಕೊಳ್ಳುವಾಗ ಎರಡೂ ಹೆಡ್‌ಲೈಟ್ ಸುತ್ತುಗಳನ್ನು ಜೊತೆಗೇ ಕೇಳಿ.

ಕಾರ್ಖಾನೆಯ ಅಕ್ಷರವೂ ಇಲ್ಲಿ ನೆರವಿಗೆ ಬರುತ್ತದೆ. ಸ್ಯಾನ್ ಹೋಸೆಯಲ್ಲಿ ಮಸ್ಟ್ಯಾಂಗ್ ತಯಾರಿ ಶುರುವಾದದ್ದು 1964ರ ಜುಲೈಯಲ್ಲಿ, ಮಟಚನ್‌ನಲ್ಲಿ 1965ರ ಫೆಬ್ರವರಿಯಲ್ಲಿ. ಟಿ ಅಕ್ಷರದ ಕಾರನ್ನು "ಅರವತ್ನಾಲ್ಕೂವರೆ" ಎಂದು ಯಾರಾದರೂ ಮಾರಲು ಬಂದರೆ ಮುಂದಿನ ಮಾತು ಬೇಕಿಲ್ಲ. ಎಂಜಿನ್ ಅಕ್ಷರವೂ ಅಷ್ಟೇ ಖಚಿತ. ಮೊದಲಿನವುಗಳಲ್ಲಿ ಯು (170 ಘನ ಇಂಚಿನ ಆರು ಸಿಲಿಂಡರ್), ಎಫ್ (260 ವಿ8), ಡಿ (289, ನಾಲ್ಕು ಬಾಯಿಯ ಕಾರ್ಬ್ಯುರೇಟರ್, 210 ಅಶ್ವಶಕ್ತಿ). ಆಗಸ್ಟ್ ನಂತರ ಟಿ (200 ಘನ ಇಂಚು), ಸಿ (289, ಎರಡು ಬಾಯಿ, 200 ಅಶ್ವಶಕ್ತಿ), ಎ (289, ನಾಲ್ಕು ಬಾಯಿ, 225). 271 ಅಶ್ವಶಕ್ತಿಯ ಕೆ ಮಾತ್ರ 1964ರ ಜೂನ್‌ನಿಂದ ಎರಡೂ ಕಡೆ ಇದೆ.

ಎಂಜಿನ್ನಿನ ಬೆನ್ನಲ್ಲೂ ಅದೇ ಆಗಸ್ಟ್‌ನ ಗೆರೆ ಇದೆ. ಅಲ್ಲಿಯವರೆಗಿನ ಚಿಕ್ಕ ವಿ8ಗಳಿಗೆ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ಕೂರಿಸಲು ಐದು ಬೋಲ್ಟು, ಆಮೇಲೆ ಆರು. ಐದು ಬೋಲ್ಟಿನ 260 ಕೆಟ್ಟಿತೆಂದು ಆರು ಬೋಲ್ಟಿನ 289 ತಂದರೆ ಹಳೆಯ ಹೌಸಿಂಗ್ ಕೂರುವುದಿಲ್ಲ. ಅದನ್ನೂ ಬದಲಿಸಬೇಕು, ಕ್ಲಚ್ಚಿನ ಭಾಗಗಳನ್ನೂ ಮರುಪರಿಶೀಲಿಸಬೇಕು. ಕಾರಿನಡಿ ಮಲಗಿ ಬೋಲ್ಟು ಎಣಿಸುವುದು ಎರಡು ನಿಮಿಷದ ಕೆಲಸ. ಖರೀದಿಗೆ ಮುಂಚೆ ಇದೊಂದನ್ನು ಮಾಡಿದರೆ ಬಹಳ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

289 ಬ್ಲಾಕಿನ ಎರಕದ ನಂಬರ್ ಬಲಗಡೆ ಹಿಂಬದಿಯಲ್ಲಿ, ಸ್ಟಾರ್ಟರ್ ಮೋಟಾರಿನ ಹತ್ತಿರ ಇದೆ. ಸ್ಟಾರ್ಟರ್ ಬಿಚ್ಚದೆ ಪೂರ್ತಿ ಓದಲಾಗುವುದಿಲ್ಲ, ಬ್ಯಾಟರಿ ತಂತಿ ಮೊದಲು ಕಳಚಿ. ಹೆಡ್‌ಗಳ ತಾರೀಖು ನೋಡಲು ವಾಲ್ವ್ ಕವರ್ ತೆಗೆಯಬೇಕು. ಎರಡೂ ಹೆಡ್ಡಿನದು ಓದಿ. ಒಂದು ಹೆಡ್ ಮಾತ್ರ ಬದಲಾಗಿರುವುದು ಅಪರೂಪವಲ್ಲ.

ಕೆ ಎಂಜಿನ್ನಿನ ವಿಷಯ ನಿಧಾನವಾಗಿ ನೋಡಬೇಕಾದದ್ದು. ಬೆಲೆ ಹೆಚ್ಚಾದ್ದರಿಂದ ನಕಲಿಯೂ ಹೆಚ್ಚು. ಬ್ಲಾಕಿನ ಎರಕದ ನಂಬರ್ ಇಲ್ಲಿ ಯಾವ ಕೆಲಸಕ್ಕೂ ಬಾರದು, ಸಾಮಾನ್ಯ 289ರದೂ ಅದೇ. ಒಳಗಿನ ಮೇನ್ ಬೇರಿಂಗ್ ಕ್ಯಾಪ್‌ಗಳು ಅಗಲವಾಗಿರಬೇಕು. ಮುಂದಿನ ಡ್ಯಾಂಪರ್ (ಕಂಪನ ತಗ್ಗಿಸುವ ಚಕ್ರ) ಸಾಮಾನ್ಯದ್ದಕ್ಕಿಂತ ದಪ್ಪ. ಹೆಡ್ಡಿನಲ್ಲಿ ರಾಕರ್ ಸ್ಟಡ್‌ಗಳು ಒತ್ತಿ ಕೂರಿಸಿದವಲ್ಲ, ಸ್ಕ್ರೂವಿನಂತೆ ತಿರುಗಿಸಿ ಬಿಗಿದವು. ಸ್ಪ್ರಿಂಗ್ ಕೂರುವಲ್ಲಿ ಎರಕದಲ್ಲೇ ಬಟ್ಟಲು ಇರುತ್ತದೆ. ಡಿಸ್ಟ್ರಿಬ್ಯೂಟರ್ ಎರಡು ಪಾಯಿಂಟಿನದು, ವ್ಯಾಕ್ಯೂಮ್ ಡಬ್ಬಿ ಇಲ್ಲ. 1965ರದರ ಮೇಲೆ ಸಿ5ಓಎಫ್-12127-ಇ ಎಂದಿರುತ್ತದೆ. ಮಸ್ಟ್ಯಾಂಗಿನಲ್ಲಿ ಓ ಏಕೆ ಎಂದರೆ ಈ ಎಂಜಿನ್ ಮೊದಲು ಬಂದದ್ದು 1963ರ ಫೇರ್‌ಲೇನ್‌ನಲ್ಲಿ. ಕಾರ್ಬ್ಯುರೇಟರ್ ಆಟೋಲೈಟ್ 4100, ಅದರ ಪಕ್ಕದಲ್ಲಿ ಎರಕದಲ್ಲೇ 1.12 ಎಂದು ವೆಂಚುರಿಯ (ಗಾಳಿ ಹಾಯುವ ಕಿರಿದಾದ ಕಂಠದ) ಅಳತೆ ಮೂಡಿರಬೇಕು. 225 ಅಶ್ವಶಕ್ತಿಯ ಎ ಎಂಜಿನ್ನಿನ ಅದೇ ಕಾರ್ಬ್ಯುರೇಟರಿನಲ್ಲಿ 1.08. ಮುಚ್ಚಳದ ಸ್ಕ್ರೂಗೆ ಸಿಕ್ಕಿಸಿದ ಗುರುತಿನ ಬಿಲ್ಲೆ ರಿಪೇರಿಯಲ್ಲಿ ಕಳೆದುಹೋಗುತ್ತದೆ, ಹೊಸದು ಮಾಡಿಸಿ ಸಿಕ್ಕಿಸುವುದೂ ಸುಲಭ. ಎರಕದ ಅಂಕಿಯನ್ನು ಹಾಗೆ ಬದಲಿಸಲಾಗದು. ನಾನಂತೂ ಬಿಲ್ಲೆಗೂ ಎರಕಕ್ಕೂ ಜಗಳ ಬಂದರೆ ಎರಕದ ಪಕ್ಷ.

ಜಿಟಿ ಹೆಸರಿನ ಕಾರುಗಳಿಗೆ ತಾರೀಖೇ ಮೊದಲ ಜರಡಿ. ಜಿಟಿ ಸಲಕರಣೆಗಳ ಗುಂಪು ಬಂದದ್ದು 1965ರ ಏಪ್ರಿಲ್‌ನಲ್ಲಿ, ಅದೂ ಎ ಅಥವಾ ಕೆ ಎಂಜಿನ್ನಿನ ಜೊತೆ ಮಾತ್ರ. 1964ರ ನವೆಂಬರ್ ಕಾರಿನ ಮೇಲೆ ಜಿಟಿ ಬಿಲ್ಲೆ, ಸಿ ಎಂಜಿನ್ ಕಾರಿನ ಗ್ರಿಲ್ಲಿನಲ್ಲಿ ಮಂಜುದೀಪ ಇದ್ದರೆ ಅವು ಆಮೇಲೆ ಹಾಕಿದವು. ತಾರೀಖು, ಎಂಜಿನ್ ಎರಡೂ ಹೊಂದಿದರೆ ಕಾರಿನಡಿಗೆ ಹೋಗಿ. ಜಿಟಿಯ ಎರಡು ಸೈಲೆನ್ಸರ್ ಕೊಳವೆಗಳು ಹಿಂದಿನ ತಗಡನ್ನು ತೂರಿ ಹೊರಬರುತ್ತವೆ, ಅವನ್ನು ಹಿಡಿಯುವ ಕೊಂಡಿಗಳಿಗಾಗಿ ಹಿಂದಿನ ಫ್ರೇಮ್ ರೈಲಿಗೆ ಕಾರ್ಖಾನೆಯಲ್ಲೇ ಬಲವರ್ಧಕ ತಗಡು ಬೆಸುಗೆ ಹಾಕುತ್ತಿದ್ದರು. ದೀಪ, ಪಟ್ಟಿ, ಐದು ಗುಂಡು ಮೀಟರಿನ ಡ್ಯಾಶ್, ಮುಂದಿನ ಡಿಸ್ಕ್ ಬ್ರೇಕು ಎಲ್ಲವೂ ಪೇಟೆಯಲ್ಲಿ ಸಿಗುತ್ತವೆ. ಈ ತಗಡಿನ ತುಂಡನ್ನೂ ನಕಲು ಮಾಡುವವರಿದ್ದಾರೆ, ಆದ್ದರಿಂದ ಬೆಸುಗೆಯ ಚುಕ್ಕೆಗಳನ್ನು ಸುತ್ತಲಿನ ಕಾರ್ಖಾನೆ ಬೆಸುಗೆಗೆ ಹೋಲಿಸಿ. ಎಲ್ಲ ಕಡೆ ಧೂಳು, ತುಕ್ಕು ಇದ್ದು ಅಲ್ಲಿ ಮಾತ್ರ ಹೊಸ ಕಪ್ಪು ಬಣ್ಣ ಹೊಳೆಯುತ್ತಿದ್ದರೆ ಕೆರೆದು ನೋಡುವ ಅನುಮತಿ ಕೇಳಿ.

ಹಿಂಬದಿ ಆಕ್ಸಲ್ ಕತೆ ಚಿಕ್ಕದು. ಆರು ಸಿಲಿಂಡರಿನ ಕಾರಿಗೆ ಚಕ್ರಕ್ಕೆ ನಾಲ್ಕು ಸ್ಟಡ್, ವಿ8ಗೆ ಐದು. ಬಿಲ್ಲೆಯ ಮೇಲೆ 3 00 ಎಂದಿದ್ದರೆ 3.00 ಅನುಪಾತ, ನಡುವೆ ಎಲ್ ಬಂದು 3ಎಲ್00 ಎಂದಿದ್ದರೆ ಅದೇ ಅನುಪಾತದ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಆಕ್ಸಲ್). ಆರು ಸಿಲಿಂಡರಿನ ಕಾರನ್ನು ವಿ8 ಮಾಡಿದವರು ಕೆಲವೊಮ್ಮೆ ನಾಲ್ಕು ಸ್ಟಡ್ಡಿನ ಹಬ್ಬುಗಳನ್ನೇ ಬಿಟ್ಟಿರುತ್ತಾರೆ. ಅದು ಅಸಲಿತನದ ಪ್ರಶ್ನೆಗಿಂತ ಹೆಚ್ಚಾಗಿ ಜೀವದ ಪ್ರಶ್ನೆ, ಏಕೆಂದರೆ ಆ ಬ್ರೇಕು, ಆಕ್ಸಲ್ಲುಗಳು ವಿ8ರ ಭಾರಕ್ಕೂ ಬಲಕ್ಕೂ ಮಾಡಿದವಲ್ಲ.

ಓದುವ ಮುಂಚೆ ತೊಳೆಯಬೇಡಿ. ಎರಕದ ಉಬ್ಬು ಅಕ್ಷರ ಒರಟು ಬ್ರಷ್ಷಿಗೂ ಉಳಿದೀತು. ಆದರೆ ನುಣುಪಾದ ಮೈಮೇಲೆ ಒತ್ತಿದ ಅಕ್ಷರ ಕೂದಲೆಳೆಯಷ್ಟೇ ಆಳ, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಮ್ಮೆ ಉಜ್ಜಿದರೆ ಹೋಯಿತು. ಶಾಯಿಯ ಮುದ್ರೆಗಳು ಇನ್ನೂ ನಾಜೂಕು. ಆಟೋಲೈಟ್ ಆಲ್ಟರ್ನೇಟರಿನ ಮೇಲೆ ಬಣ್ಣದ ಮುದ್ರೆ ಇರುತ್ತದೆ: ನೇರಳೆ 38 ಆಂಪಿಯರ್, ಕಿತ್ತಳೆ 42, ಕೆಂಪು 55. ಪೆಟ್ರೋಲ್, ಥಿನ್ನರ್ ಸೋಕಿಸಿದರೆ ಅದು ಕರಗಿಹೋಗುತ್ತದೆ. ಮೊದಲು ಇದ್ದ ಹಾಗೆಯೇ ಫೋಟೋ ತೆಗೆದು, ಆಮೇಲೆ ಮೆತ್ತನೆಯ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಜಿಡ್ಡು ಮೆತ್ತಗೆ ಬಿಡಿಸಿ, ಮುದ್ರೆ ಇರಬಹುದಾದ ಜಾಗ ಬಿಟ್ಟು. ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ನೇರವಾಗಿ ಹಿಡಿಯದೆ ಮೈಗೆ ತಾಗಿಸಿದಂತೆ ಅಡ್ಡ ಹಿಡಿಯಿರಿ, ನೆರಳಿನಲ್ಲಿ ಅಕ್ಷರ ಮೂಡುತ್ತದೆ. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಬರುತ್ತದೆ. 3 ಮತ್ತು 8, ಸಿ ಮತ್ತು ಜಿ, ಡಿ ಮತ್ತು ಓ ಸುಲಭವಾಗಿ ಅದಲುಬದಲಾಗುತ್ತವೆ. ಎರಡು ಬೇರೆ ಬೆಳಕಿನಲ್ಲಿ ನೋಡದೆ ಬರೆದುಕೊಳ್ಳಬೇಡಿ.

ಬಣ್ಣದ ಪದರವೂ ಓದಬಲ್ಲದ್ದೇ. 1965ರವರೆಗೆ ಸಾಮಾನ್ಯ 289ರ ಬ್ಲಾಕ್ ಕಪ್ಪು, ವಾಲ್ವ್ ಕವರ್ ಮತ್ತು ಏರ್ ಕ್ಲೀನರ್ ಚಿನ್ನದ ಬಣ್ಣ. 1966ರಿಂದ ಎಲ್ಲ ನೀಲಿ. ನೀಲಿ ಕವರಿನ ಮೂಲೆಯಲ್ಲಿ ಚೂರು ಕೆರೆದಾಗ ಕೆಳಗೆ ಚಿನ್ನದ ಬಣ್ಣ ಕಂಡರೆ ಅದು 1965ರ ಕವರ್, ಆಮೇಲೆ ಯಾರೋ ನೀಲಿ ಬಳಿದಿದ್ದಾರೆ.

ಕ್ಯಾಟಲಾಗ್ ಬಳಸುವಾಗ ಒಂದು ವಿಷಯ ನೆನಪಿಡಿ. ಹೊಸ ನಂಬರ್ ಹಳೆಯದರ ಜಾಗಕ್ಕೆ ಬಂದಾಗ ಕ್ಯಾಟಲಾಗ್ ಹೊಸದನ್ನಷ್ಟೇ ತೋರಿಸಬಹುದು. ಕಾರಿಗೆ ಹೊಂದುವ ಭಾಗ ಒದಗಿಸುವುದು ಅದರ ಕೆಲಸ, ಇತಿಹಾಸ ಹೇಳುವುದಲ್ಲ. ಸಾಧ್ಯವಾದಷ್ಟು ಹಳೆಯ ಮುದ್ರಣ ಹುಡುಕಿ, "ಇಂಥ ತಾರೀಖಿಗೆ ಮುಂಚೆ", "ಇಂಥ ತಾರೀಖಿನಿಂದ" ಎಂಬ ಸಾಲುಗಳನ್ನು ಬಿಡದೆ ಓದಿ. ಹಾಗೆಂದು ಆ ತಾರೀಖು ಕತ್ತರಿಸಿದ ಗೆರೆಯೇನಲ್ಲ. ಹಳೆಯ ದಾಸ್ತಾನು ಮುಗಿಯುವವರೆಗೆ ಬಳಸುವುದು ಕಾರ್ಖಾನೆಯಲ್ಲಿ ಸಹಜ, ಮತ್ತು ಮೂರೂ ಕಾರ್ಖಾನೆಗಳಲ್ಲಿ ದಾಸ್ತಾನು ಒಂದೇ ದಿನ ಮುಗಿಯುವುದಿಲ್ಲ. ಬದಲಾವಣೆಯ ಹತ್ತಿರದ ವಾರಗಳ ಕಾರಿನಲ್ಲಿ ಹಳೆಯದು ಹೊಸದು ಬೆರೆತಿದ್ದರೆ ಅದನ್ನು "ಸರಿಪಡಿಸಲು" ಹೋಗಬೇಡಿ, ಅದು ಹಾಗೆಯೇ ಹುಟ್ಟಿರಬಹುದು.

ಫೋರ್ಡ್ ಓದಿ ಕೈ ಪಳಗಿದವರು ಶೆವ್ರೊಲೆಗೆ ಹೋದಾಗ ಎಡವುವ ಜಾಗ ಒಂದಿದೆ. ಶೆವ್ರೊಲೆ ತಯಾರಿಸುವ ಜನರಲ್ ಮೋಟಾರ್ಸ್‌ನ ಎರಕದಲ್ಲಿ ತಿಂಗಳ ಅಕ್ಷರ ಮೊದಲು, ದಿನ ನಡುವೆ, ವರ್ಷ ಕೊನೆಗೆ. ಐ ಅಕ್ಷರವನ್ನು ಅವರು ಬಿಡುವುದಿಲ್ಲ, ಅದು ಸೆಪ್ಟೆಂಬರ್. ಫೋರ್ಡ್‌ನಲ್ಲಿ ಕೆ ಅಕ್ಟೋಬರ್, ಅವರಲ್ಲಿ ನವೆಂಬರ್. ಎರಕದ ನಂಬರ್ ಮೇಲೆ ಅಲ್ಲಿ ಇನ್ನೂ ಕಡಿಮೆ ಭರವಸೆ ಇಡಬೇಕು. 3970010 ಎಂಬ ಒಂದೇ ನಂಬರಿನ ಬ್ಲಾಕ್ 1969ರಿಂದ ಎಪ್ಪತ್ತರ ದಶಕದ ಕೊನೆಯ ಹೊತ್ತಿನವರೆಗಿನ ಕಾರುಗಳಲ್ಲಿ ಸಿಗುತ್ತದೆ. ಎಂಜಿನ್ನಿನ ಮುಂದೆ ಬಲಗಡೆಯ ನುಣುಪು ಜಾಗದಲ್ಲಿ ಒತ್ತಿದ ಜೋಡಣೆ ತಾರೀಖು ಮತ್ತು ಕೊನೆಯ ಅಕ್ಷರಗಳನ್ನು ಓದದೆ ಅದು ಯಾವ ಕಾರಿನದೆಂದು ಹೇಳಲಾಗದು.

ಕೆಲಸ ಮಾಡುವಾಗ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಭಾಗಕ್ಕೂ ಒಂದು ಸಾಲು ಬರೆಯಿರಿ: ಎಲ್ಲಿ ಸಿಕ್ಕಿತು, ನಂಬರ್, ತಾರೀಖು, ಎರಕವೋ ಒತ್ತಿದ್ದೋ ಶಾಯಿಯೋ, ಬಣ್ಣದ ಪದರ, ಬೋಲ್ಟಿನ ತಲೆಯ ಗುರುತು, ಫೋಟೋ ಸಂಖ್ಯೆ. ಸಾಲುಗಳನ್ನು ತಾರೀಖಿನ ಕ್ರಮಕ್ಕೆ ಜೋಡಿಸಿದಾಗ ಕಾರಿನ ತಾರೀಖಿಗೆ ಮುಂಚಿನ ವಾರಗಳಲ್ಲಿ ಹೆಚ್ಚಿನವು ಗುಂಪುಗೂಡುತ್ತವೆ, ದೂರ ಉಳಿದವು ತಾವೇ ಕಾಣುತ್ತವೆ. ದೂರ ಉಳಿದ ಭಾಗವನ್ನು ಕೂಡಲೇ ಬಿಸಾಡದೆ ಚೀಟಿ ಕಟ್ಟಿ ಎತ್ತಿಡಿ. ಬದಲಿಗೆ ಹಾಕಲು ಹೊಂದುವ ತಾರೀಖಿನ ಭಾಗ ಸಿಗುವವರೆಗೆ ಕಾರು ಓಡಲು ಅದೇ ಬೇಕಾಗುತ್ತದೆ.